ಬಿಸಿನೀರಿನ ನಲ್ಲಿ

ಲಕ್ಷ್ಮೇಶ್ವರ
ಸೋಮವಾರ, ಡಿಸೆಂಬರ್ ೯, ೨೦೨೪

ಪ್ರೀತಿಯ ಮೋತಿಬಿ,

ಅಸ್ಸಲಾಮು ಅಲೈಕುಂ. ಮುಂಡರಗಿಯ ಆ ಮೆಟ್ಟಿಲುಗಳನ್ನು ನಿನ್ನ ಮೊಣಕಾಲು ತಾಳಿಕೊಂಡಿದೆಯೆ? ನೂರೀನಳ ಹೊಟ್ಟೆಯ ಹೊಲಿಗೆ ಒಣಗಿತೆ? ಮಗಳ ಬಾಣಂತನ ನಮ್ಮ ಮನೆಯಲ್ಲೇ ಆಗಬೇಕಿತ್ತು. ಆಪರೇಷನ್ ಆದವಳು ಬಸ್ಸು ಹತ್ತಬಾರದೆಂದರು, ನೀನೇ ಹೋಗಬೇಕಾಯಿತು. ನೀನು ಹೋಗಿ ಇಪ್ಪತ್ತೆರಡು ದಿನ. ಕೂಸಿಗೆ ಆರು ಝಬಲಾ ಹೊಲಿದಿದ್ದೇನೆ. ಎಳೆಯ ಮೈಗೆ ಒತ್ತದಿರಲೆಂದು ಹೊಲಿಗೆಯನ್ನು ಹೊರಮಗ್ಗುಲಿಗೆ ಮಡಚಿದ್ದೇನೆ. ಅವುಗಳ ಕೆಳಗೆ ಈ ಕಾಗದ ಇದೆ. ಫೋನು ಮಾಡಿದರೆ ನೂರೀನ ಸ್ಪೀಕರಿಗೆ ಹಾಕುತ್ತಾಳೆ, ಮನೆಮಂದಿಯೆಲ್ಲ ಕೇಳುತ್ತಾರೆ. ಇದನ್ನು ನೀನೊಬ್ಬಳೇ ಓದು.

ನನ್ನ ಕಾಲಿನ ತುರಿಕೆ ನಿನಗೆ ಗೊತ್ತು. ಇಲ್ಲಿದ್ದಾಗ ನೀನೇ ಎಣ್ಣೆ ಹಚ್ಚಿ, ಕೆರೆಯದಂತೆ ನನ್ನ ಕೈ ಹಿಡಿದು ನಿಲ್ಲಿಸುತ್ತಿದ್ದೆ. ನೀನು ಹೋದ ನಾಲ್ಕನೆಯ ದಿನ ಹೊಲಿಗೆ ಅಂಗಡಿಯಲ್ಲಿ ಕೂತು ಬಟ್ಟೆ ಅಳೆಯುವ ಕಟ್ಟಿಗೆಯ ಗಜದಿಂದ ಎಡಗಾಲನ್ನು ಕೆರೆದುಕೊಂಡೆ. ಪಾದದ ಗಂಟಿನ ಮೇಲೆ ಶೇರವಾನಿಯ ಗುಂಡಿಯಷ್ಟು ಅಗಲ ಚರ್ಮ ಕಿತ್ತು ಬಂತು. ಹಳೆಯ ತೆಳು ಮಲ್ ಬಟ್ಟೆ ಹರಿದಂತೆ, ಸಪ್ಪಳವೂ ಆಗಲಿಲ್ಲ. ಅದು ಇನ್ನೂ ಕೂಡಿಲ್ಲ. ಈಗ ಅಂಗೈಯಷ್ಟಾಗಿದೆ.

ಅಂದು ಸಂಜೆ ಮಸೀದಿಯಲ್ಲಿ ನಮಾಜಿಗೆ ಮುಂಚೆ ಕೈಕಾಲು ತೊಳೆದು ವಜೂ ಮಾಡುವಾಗ ಕಾಲನ್ನು ಗೀಜರಿನ ನಲ್ಲಿಯ ಕೆಳಗೆ ಹಿಡಿದೆ. ತುರಿಕೆ ನಿಂತಿತು. ಏನು ಹೇಳಲಿ, ಕಣ್ಣಲ್ಲಿ ನೀರು ಬಂತು. ಮರುದಿನದಿಂದ ನಮಾಜಿಗೆ ಅರ್ಧ ತಾಸು ಮೊದಲೇ ಹೋಗತೊಡಗಿದೆ. ವಜೂ ಮುರಿಯದಿದ್ದರೂ ಮತ್ತೆ ಮಾಡಿದೆ. ಸಾಬೂನು ಹಚ್ಚಿದೆ. ದಿನಕ್ಕೆ ಐದು ಸಲದ್ದು ಹತ್ತಾಯಿತು. ಮಸೀದಿಯ ಕಮಿಟಿಯ ಖಲೀಲ ಇದನ್ನು ಕಂಡು, ‘ಚಾಚಾ, ಗಾಯ ಆದವ್ರು ಪಟ್ಟಿ ಮ್ಯಾಗ ಹಸೀ ಕೈ ಆಡಿಸಿದ್ರ ಸಾಕ್ರಿ’ ಎಂದ. ಅದು ನನಗೂ ಗೊತ್ತಿತ್ತು. ಆದರೆ ನಲ್ಲಿ ತಪ್ಪಿಹೋಗುತ್ತದಲ್ಲ. ‘ಅದು ಕೈಲಾಗದವರಿಗೆ’ ಎಂದುಬಿಟ್ಟೆ.

ಆ ಒಂದು ಮಾತಿನಲ್ಲಿ ಸಿಕ್ಕಿಬಿದ್ದಿದ್ದೇನೆ. ಹೋದ ತಿಂಗಳ ಕೊನೆಯ ಶುಕ್ರವಾರ, ಜುಮ್ಮಾದ ದಿನ, ಅವನು ಎಲ್ಲರೆದುರು, ‘ನೋಡ್ರಿಪಾ, ಬುಡ್ಡೇಸಾಬ ಚಾಚಾಗ ಎಪ್ಪತ್ತಮೂರು. ಕಾಲು ಹುಣ್ಣಾದ್ರೂ ಪೂರಾ ವಜೂ ಮಾಡ್ತಾರ. ನಿಮಗ ನೀರು ಅಂದ್ರ ಜ್ವರಾ ಬರ್ತಾವ’ ಎಂದು ನಗಿಸಿದ. ಮರುದಿನ ಆ ನಲ್ಲಿಯ ಮುಂದೆ ನನಗಾಗಿ ಪ್ಲಾಸ್ಟಿಕ್ ಕುರ್ಚಿ ಬಂತು. ಅದರಲ್ಲಿ ಬೇರೆ ಯಾರೂ ಕೂಡುವುದಿಲ್ಲ. ನಾನು ಹೋಗದಿದ್ದರೆ ಮನೆಗೇ ಬಂದು, ‘ನೀರು ಕಾದಾವು ಬರ್ರಿ ಚಾಚಾ’ ಎನ್ನುತ್ತಾರೆ. ಭಕ್ತಿಗಲ್ಲ, ತುರಿಕೆಗೆ ಬರುತ್ತಿದ್ದೆ ಎಂದು ಯಾವ ಬಾಯಿಂದ ಹೇಳಲಿ?

ಮೊನ್ನೆ ಶನಿವಾರ ಬಜಾರದ ಡಾಕ್ಟರಿಗೆ ತೋರಿಸಿದೆ. ಹೆಸರು ವಿದ್ಯಾಶ್ರೀ, ಬೆಟಗೇರಿಯ ನೇಕಾರರ ಮಗಳು. ‘ಚರ್ಮ ಹರದ ಕೂಡ್ಲೆ ಅಂಚಿನ ಕಣ ರಕ್ಷಣಾ ಕಣಗಳಿಗೆ ಖಬರ ಕಳಸ್ತಾವ್ರಿ ಅಜ್ಜಾರ. ಅವು ಬಂದು ಹೊಲಸು ತಗದು, ಹೊಸಾ ಚರ್ಮ ಬೆಳ್ಯಾಕ ನೆರವಾಗಿ, ಹೊಳ್ಳಿ ಹೋಗಬೇಕು. ವಯಸ್ಸಾದ ಮ್ಯಾಲ ಖಬರ ತಡಾ ಮುಟ್ಟತೈತಿ. ಬಂದವು ಲಗೂನ ಹೋಗಂಗಿಲ್ಲ, ಅಲ್ಲೇ ಕುಂತು ಉರಿ ಎಬ್ಬಸ್ತಾವು. ತುರಿಕಿ ಅದರದ್ದ’ ಎಂದರು. ಚರ್ಮವನ್ನು ಗೋಡೆಯಂತೆ ಹಿಡಿದಿಡುವ ಜಿಡ್ಡು ಮುದುಕರಲ್ಲಿ ಮೊದಲೇ ಕಡಿಮೆಯಂತೆ. ಬಿಸಿನೀರು, ಸಾಬೂನು ಅದನ್ನೂ ತೊಳೆಯುತ್ತವೆ. ನೀರು ಬಿದ್ದಾಗ ಹಿತ, ಆಮೇಲೆ ಮತ್ತೆ ಅಪಾಯದ ಖಬರು, ಮತ್ತೆ ಉರಿ. ‘ದಿನಾ ಹತ್ತು ಸಲ ನೀವ ಗೋಡಿ ಕೆಡವಿದ್ರ ಅವಾದ್ರೂ ಪಾಪ ಏನು ಮಾಡ್ಬೇಕು?’ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಎಲ್ಲ ತಿಳಿಯಿತು. ತಿಳಿದೂ ನಿನ್ನೆ ಸಂಜೆ ಅಸರಿನ ನಮಾಜಿನ ಹೊತ್ತಿಗೆ ಪಟ್ಟಿ ಬಿಚ್ಚಿ ಆ ಕುರ್ಚಿಯಲ್ಲಿ ಕೂತಿದ್ದೆ. ಇಂದು ಗಾಯದಿಂದ ವಾಸನೆ ಬರುತ್ತಿದೆ. ಮಸೀದಿಗೆ ಹೋಗಬಾರದೆಂದು ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ, ಕೀಲಿಕೈಯನ್ನು ಅಟ್ಟದ ಮೇಲೆ ಎಸೆದು ಇದನ್ನು ಬರೆಯುತ್ತಿದ್ದೇನೆ. ಏಣಿ ಎಲ್ಲಿದೆ ಎಂಬುದು ನನಗೆ ಗೊತ್ತಿದೆ ಎನ್ನುವುದೇ ತೊಂದರೆ.

ನೀನು ಗಾಬರಿಯಾಗಬೇಡ. ನಲವತ್ತು ದಿನ ತುಂಬುವವರೆಗೆ ಮಗಳ ಹತ್ತಿರವೇ ಇರು. ನೂರೀನಳಿಗೆ ನನ್ನ ದುವಾ, ಕೂಸಿನ ಹಣೆಗೆ ಒಂದು ಮುತ್ತು. ಅಲ್ಲಾಹನು ಮೂವರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ
ಬುಡ್ಡೇಸಾಬ

ತಾ.ಕ.: ಅಳಿಯ ಮೊಹಸಿನ ಝಬಲಾ ಒಯ್ಯಲು ಬಂದು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಗಂಟನ್ನು ಕಿಟಕಿಯಿಂದಲೇ ಕೊಡುತ್ತೇನೆ. ಮನೆಯಲ್ಲಿ ಯಾರಿದ್ದಾರೆ ಎಂದು ಡಾಕ್ಟರು ಕೇಳಿದಾಗ ಹೆಂಡತಿ ಇದ್ದಾಳೆ ಎಂದೆ. ‘ಹಂಗಾದ್ರ ಗುರುವಾರ ಅವರನ್ನೂ ಕರಕೊಂಡು ಬರ್ರಿ. ಒಂದು ವಾರ ನಿಮ್ಮನ್ನ ನೀರಿನಿಂದ ದೂರ ಇಡೋರು ಬೇಕು. ಆಗಲಿಲ್ಲಂದ್ರ ಗದಗಿಗೆ ಕಳಸ್ತೇನಿ, ತೊಡಿ ಚರ್ಮ ತಗದು ಹಚ್ಚಬೇಕಾದೀತು’ ಎಂದಿದ್ದಾರೆ. ನೂರೀನಳ ಅತ್ತೆ ಸುಗ್ರಾಬಿಯವರು ಒಂದು ವಾರ ಕೂಸನ್ನು ನೋಡಿಕೊಂಡಾರೆ? ಕೇಳು. ನಲವತ್ತು ದಿನ ಅಲ್ಲೇ ಇರು ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಲು ಹೊತ್ತಿಲ್ಲ. ಬುಧವಾರದ ಬಸ್ಸಿಗೆ ಬಾ. ನನ್ನನ್ನು ನಾನು ಹಿಡಿಯಲಾರೆ.