ವರ್ತಮಾನಕಾಲದ ಹೆಂಡತಿ

ಗುರುವಾರ, ನವೆಂಬರ್ ೧೩
ಊಟವಾದ ಮೇಲೆ

ಪ್ರೀತಿಯ ಭಾವ,

ನಿನ್ನೆ ಫೋನಿನಲ್ಲಿ ‘ಪಾಸಾಯ್ತು’ ಅಂದವನೇ ಫೋನನ್ನು ಮಗಳ ಕೈಗೆ ದಾಟಿಸಿಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ. ‘ಏನು ಕೇಳಿದ್ರು, ನೀನೇನು ಹೇಳಿದೆ, ಬಿಡಿಸಿ ಹೇಳೋ ಮಾರಾಯ’ ಎಂದು ನೀನು ಕೇಳುತ್ತಲೇ ಇದ್ದೆ. ಮಗಳು ಪಕ್ಕದಲ್ಲೇ ಕೂತು ಒಗೆದ ಕಾಲುಚೀಲ ಜೋಡಿಸುತ್ತಿದ್ದಳು. ಅವಳ ಎದುರಿಗೆ ಹೇಳುವಂಥದ್ದಲ್ಲ ಅದು. ಕಾಗದ ಬರೆಯದೆ ಎಷ್ಟೋ ತಿಂಗಳಾಯಿತು, ಅದಕ್ಕೂ ಬೈದುಕೋ. ಆದರೆ ಪೂರ್ತಿ ಓದಿ ಬೈಯಿ. ಕೊನೆಗೆ ಇನ್ನೊಂದು ಕಾರಣ ಸಿಗುತ್ತದೆ.

ನಿನ್ನ ತಂಗಿ ಹೋದ ಮೇಲೆ ಮಗಳು ನನ್ನನ್ನು ಇಲ್ಲಿಗೆ ಕರೆಸಿಕೊಂಡಳು, ಸರಿ. ಆದರೆ ಕರೆಸಿಕೊಂಡಷ್ಟು ಸುಲಭವಾಗಿ ಇಟ್ಟುಕೊಳ್ಳಲು ಆಗುವುದಿಲ್ಲ ಅನ್ನುವುದು ಬಂದ ಮೇಲೆ ಗೊತ್ತಾಯಿತು. ಹೊರಗಿನಿಂದ ಬಂದವರು ಇಲ್ಲಿ ಇರಬೇಕಾದರೆ ಸರ್ಕಾರ ನಡೆಸುವ ಕ್ಲಾಸಿಗೆ ಹೋಗಬೇಕು. ಇಲ್ಲಿನ ಮಾತು ಕಲಿಯಬೇಕು. ಕಸವನ್ನು ಯಾವ ಬಣ್ಣದ ಡಬ್ಬಿಗೆ ಹಾಕುವುದು, ಪಕ್ಕದ ಮನೆಯವರು ಮಲಗುವ ಹೊತ್ತಿಗೆ ಗೋಡೆಗೆ ಮೊಳೆ ಹೊಡೆಯಬಾರದು, ಎಲ್ಲ ಕಲಿಯಬೇಕು. ಕೊನೆಗೆ ಪರೀಕ್ಷೆ. ಪಾಸಾದರೆ ಇರುವುದಕ್ಕೆ ಪರವಾನಗಿ. ಎರಡು ಸಲ ಫೇಲಾದರೆ ಗಂಟುಮೂಟೆ ಕಟ್ಟಬೇಕು. ಇದಕ್ಕೆ ಇಂಟಿಗ್ರೇಷನ್ ಎಂದು ಹೆಸರು. ಕಾಲೇಜಿನಲ್ಲಿ ಇಂಟಿಗ್ರೇಷನ್ ಅಂದರೆ ಲೆಕ್ಕದ ಮೇಷ್ಟ್ರು ಬೋರ್ಡಿನ ಮೇಲೆ ಎಳೆಯುತ್ತಿದ್ದ ಉದ್ದನೆಯ ಕೊಕ್ಕೆ. ಅದು ಆಗಲೇ ನನ್ನ ತಲೆಗೆ ಹತ್ತಿರಲಿಲ್ಲ.

‘ಬೆರೆಯೋದು ಅಪ್ಪಾ. ಇಲ್ಲಿನವರ ಜೊತೆ ಬೆರೆಯೋದು ಅಂತ ಅರ್ಥ’ ಎಂದಳು ಮಗಳು.

‘ಅದಕ್ಕೆ ಪರೀಕ್ಷೆ ಯಾಕೆ? ನಮ್ಮ ಬಸ್ಸಲ್ಲಿ ತುಂಬಿಸಿ ನಿಮ್ಮ ಮಾವ ಒಂದು ಬ್ರೇಕ್ ಹಾಕಿದ್ರೆ ಸಾಕು, ಎಲ್ಲ ತಾವೇ ಬೆರೆತುಕೊಳ್ತಾರೆ’ ಅಂದೆ.

ನಗಲಿಲ್ಲ. ಇಡೀ ದಿನ ಕನ್ನಡಕದ ಗಾಜು ಉಜ್ಜುವ ಕೆಲಸ ಅವಳದು. ನನ್ನ ಜೋಕುಗಳಲ್ಲೂ ಗೀರು ಹುಡುಕುತ್ತಾಳೆ.

ಕ್ಲಾಸು ಒಂದು ಹಳೆಯ ಬ್ಯಾಂಕಿನ ಮೇಲಿನ ಮಹಡಿಯಲ್ಲಿ. ಪಾಠ ಮಾಡುವ ಹೆಂಗಸಿಗೆ ನಾನಿಟ್ಟ ಹೆಸರು ಮತ್ತೊಮ್ಮೆ ಮೇಡಂ. ಏನು ಹೇಳಿದರೂ ‘ಮತ್ತೊಮ್ಮೆ’ ಅನ್ನುತ್ತಾರೆ. ಮೊದಲ ದಿನವೇ ನನ್ನ ಕೆಲಸ ಕೇಳಿದರು. ನನ್ನ ಕಾಲೇಜಿನ ಇಂಗ್ಲಿಷನ್ನು ಕೊಡವಿ ‘ಐ ವಾಸ್ ಎ ಕಂಡಕ್ಟರ್’ ಅಂದೆ. ಮೇಡಂ ಮುಖ ಅರಳಿತು. ಎರಡೂ ಕೈ ಗಾಳಿಯಲ್ಲಿ ಆಡಿಸಿ ‘ಸಂಗೀತ?’ ಅಂದರು. ಇಲ್ಲಿ ಕಂಡಕ್ಟರ್ ಅಂದರೆ ವಾದ್ಯದವರ ಎದುರು ಕೋಲು ಹಿಡಿದು ನಿಲ್ಲುವವನಂತೆ! ನಾನು ಎದ್ದು ನಿಂತು, ಟಿಕೆಟ್ ಹರಿದು, ‘ರೈಟ್ ರೈಟ್’ ಎಂದು ಸಿಳ್ಳೆ ಹೊಡೆದು ತೋರಿಸಿದ ಮೇಲೆ ಗೊತ್ತಾಯಿತು. ಎಲ್ಲ ನಕ್ಕರು. ಆ ತಪ್ಪನ್ನು ಅವತ್ತೇ ತಿದ್ದಿದೆ. ಇನ್ನೊಂದನ್ನು ತಿದ್ದಲಿಲ್ಲ.

ಅದು ಆಮೇಲಿನ ಪಾಠ, ‘ನನ್ನ ಕುಟುಂಬ’. ಮೇಡಂ ನನ್ನ ಎದುರು ಬಂದು ನಿಂತು, ‘ನಿಮಗೆ ಹೆಂಡತಿ ಇದ್ದಾರಾ?’ ಅಂದರು.

ಭಾವ, ಅವತ್ತು ಈ ಭಾಷೆಯಲ್ಲಿ ನನ್ನ ಹತ್ತಿರ ಇದ್ದದ್ದು ಹಿಡಿಯಷ್ಟು ಮಾತು. ಹೌದು, ಅಲ್ಲ, ಇದೆ, ಇಲ್ಲ. ‘ಇಲ್ಲ’ ಅಂದರೆ ಮದುವೆಯೇ ಆಗದವನ ಹಾಗೆ ಕೇಳಿಸುತ್ತದೆ. ‘ಇದ್ದಳು’ ಅನ್ನಲು ಪಾಸ್ಟ್ ಟೆನ್ಸ್ ಬೇಕು, ಅದು ಪುಸ್ತಕದ ಕೊನೆಯಲ್ಲಿತ್ತು. ಇಂಗ್ಲಿಷಿನಲ್ಲಾದರೆ ಹ್ಯಾಡ್, ಹ್ಯಾಡ್ ಬೀನ್, ಶ್ಯಾಲ್ ಹ್ಯಾವ್ ಬೀನ್ ಎಂದು ಇನ್ನೂ ಒಪ್ಪಿಸಬಲ್ಲೆ. ಆದರೆ ಮೊದಲ ದಿನ ಕಳೆದ ಮೇಲೆ ಕ್ಲಾಸಿನೊಳಗೆ ಇಲ್ಲಿನ ಭಾಷೆ ಬಿಟ್ಟು ಬೇರೆ ಆಡಬಾರದು, ಅದು ನಿಯಮ. ‘ಹೌದು, ಇದ್ದಾಳೆ’ ಅಂದುಬಿಟ್ಟೆ.

‘ಎಲ್ಲಿ?’

‘ಮನೆ.’

‘ಮತ್ತೊಮ್ಮೆ. ಪೂರ್ತಿ ವಾಕ್ಯ.’

‘ನನ್ನ ಹೆಂಡತಿ ಮನೆಯಲ್ಲಿ ಇದ್ದಾಳೆ.’

ಮೇಡಂ ಉಳಿದವರ ಕಡೆಗೆ ಕೈ ಬೀಸಿದರು. ಇಡೀ ಕ್ಲಾಸು ಒಂದೇ ಕೊರಳಲ್ಲಿ ಹೇಳಿತು. ‘ಅವನ ಹೆಂಡತಿ ಮನೆಯಲ್ಲಿ ಇದ್ದಾಳೆ.’ ಬಣ್ಣ ಬಳಿಯುವವನು, ಹೋಟೆಲಿನಲ್ಲಿ ಹಾಸಿಗೆ ಹಾಸುವ ಅಕ್ಕತಂಗಿಯರು, ಎಲ್ಲೆಲ್ಲಿಂದಲೋ ಬಂದ ಜನ, ತಮ್ಮ ತಮ್ಮ ರಾಗದಲ್ಲಿ. ನನ್ನ ಮಾತನ್ನು ಅಷ್ಟು ಜನ ಯಾವತ್ತೂ ನಂಬಿರಲಿಲ್ಲ. ಕೂತುಕೊಂಡೆ. ನಿಜ ಹೇಳಲಾ? ಸುಖವಾಯಿತು.

ನನ್ನ ಪಕ್ಕದಲ್ಲಿ ಕೂರುವವನು ಬೇಕರಿಯವನು. ಮಗಳಿಗಿಂತ ಸ್ವಲ್ಪ ದೊಡ್ಡವನು, ಬೇರೆ ದೇಶದವನು, ತೋಳಿನ ತುಂಬ ಒಲೆಯ ಸುಟ್ಟ ಗಾಯ. ಅವನ ಹೆಂಡತಿ ಅವನ ಊರಿನಲ್ಲೇ ಇದ್ದಾಳೆ. ಅವನು ಪರೀಕ್ಷೆ ಪಾಸು ಮಾಡುವವರೆಗೆ ಅವಳನ್ನು ಕರೆಸಿಕೊಳ್ಳಲು ಸರ್ಕಾರ ಬಿಡುವುದಿಲ್ಲ. ಇಬ್ಬಿಬ್ಬರೇ ಮಾತಾಡಿ ಅಭ್ಯಾಸ ಮಾಡಬೇಕಲ್ಲ, ದಿನಾ ಅವನದು ಒಂದೇ ಪ್ರಶ್ನೆ.

‘ಕಂಡಕ್ಟರ್, ನಿನ್ನ ಹೆಂಡತಿ ಇವತ್ತು ಏನು ಮಾಡ್ತಾಳೆ?’

‘ನನ್ನ ಹೆಂಡತಿ ಗುಂಡಿ ಹೊಲೀತಾಳೆ.’ ಮರುದಿನ, ‘ನನ್ನ ಹೆಂಡತಿ ಪೇಪರನ್ನ ಕೊನೆ ಪುಟದಿಂದ ಓದ್ತಾಳೆ.’ ಇನ್ನೊಂದು ದಿನ, ‘ಅವಳು ಕತ್ತರಿ ಬಚ್ಚಿಡ್ತಾಳೆ. ಯಾರಿಗೂ ಕೊಡಲ್ಲ.’

‘ಪುಣ್ಯವಂತ’ ಅನ್ನುತ್ತಿದ್ದ. ‘ನಿನ್ನ ಹೆಂಡತಿ ಇಲ್ಲಿ ಇದ್ದಾಳೆ. ನನ್ನವಳು ಫೋನಲ್ಲಿ ಇದ್ದಾಳೆ.’

ಈ ಮನೆಗೆ ಅವಳು ಬಂದೇ ಇಲ್ಲವಲ್ಲ ಭಾವ. ಇಲ್ಲಿಯ ಯಾವ ಬಾಗಿಲ ಹಿಡಿಗೂ ಅವಳ ಕೈ ಸೋಕಿಲ್ಲ. ಊರಿನ ಮನೆಯಲ್ಲಾದರೆ ಗೋಡೆಯಲ್ಲಿ ಅವಳು ಒರಗಿ ಕೂರುತ್ತಿದ್ದ ಕಡೆ ತಲೆಯೆಣ್ಣೆಯ ಕಲೆಯಾದರೂ ಇತ್ತು. ಇಲ್ಲಿ ಎಲ್ಲ ಬಿಳಿ. ಹೀಗಿರುವಾಗ ದಿನಕ್ಕೆ ಒಂದೊಂದು ವಾಕ್ಯದ ಹಾಗೆ ಅವಳನ್ನು ತಂದು ಇಲ್ಲಿ ಕೂರಿಸುತ್ತಾ ಹೋದೆ. ಕ್ಲಾಸು ಮುಗಿಸಿ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ, ನಾಳೆ ಅವಳು ಏನು ಮಾಡುತ್ತಾಳೆ? ಬಟ್ಟೆಯಂಗಡಿಯ ಗಾಜಿನ ಎದುರು ನಿಂತು, ಇದನ್ನು ಕಂಡರೆ ಏನನ್ನುತ್ತಾಳೆ ಎಂದು ನೋಡುತ್ತಿದ್ದೆ. ಏನನ್ನುತ್ತಾಳೆ! ‘ಇಷ್ಟು ರೇಟಾ? ನಡೀರಿ’ ಅನ್ನುತ್ತಾಳೆ.

ಪುಸ್ತಕದ ಕೊನೆಯ ಪಾಠಗಳು ಬಂದವು. ನನಗೆ ಮಂಡಿನೋವು ಬಂತು. ಯಾವತ್ತು ಪಾಸ್ಟ್ ಟೆನ್ಸೋ ಅವತ್ತೇ ನೋವು. ಮನೆಯಲ್ಲಿ ಕೂತು ಪುಸ್ತಕ ಓದಿಕೊಂಡೆ, ಬರಲಿಲ್ಲ ಅಂತಲ್ಲ. ಆದರೆ ಬಾಯಿ ಬಿಟ್ಟು ಹೇಳುವುದು ಬೇರೆ. ಮೊದಲ ಸಲದ ಪರೀಕ್ಷೆಯಲ್ಲಿ ‘ನಿಮ್ಮ ಹಿಂದಿನ ಜೀವನದ ಬಗ್ಗೆ ಹೇಳಿ’ ಅಂದಾಗ ಕಲ್ಲಿನ ಹಾಗೆ ಕೂತೆ. ಫೇಲು. ಬೇಕರಿಯವನೂ ಫೇಲು. ಪಾಪ, ಬೆಳಗಿನ ಜಾವದವರೆಗೆ ಒಲೆಯ ಮುಂದೆ ನಿಂತು ಬಂದು ಪಾಸ್ಟ್ ಟೆನ್ಸನ್ನು ಪೂರ್ತಿ ನಿದ್ದೆಯಲ್ಲಿ ಕಳೆದಿದ್ದ.

ಮಗಳು ಹಾರಾಡಿದಳು. ‘ಮನೇಲಿ ಗಡಗಡ ಓದ್ತೀಯ, ಅಲ್ಲಿ ಹೋಗಿ ಬಾಯಿಗೆ ಬೀಗ ಹಾಕ್ತೀಯ! ಏನಪ್ಪಾ ಇದು ನಾಟಕ? ಇಲ್ಲಿರೋಕೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳು.’

‘ಹಾಗಲ್ಲ ಪುಟ್ಟಿ...’

‘ಅಮ್ಮನೂ ಹೋದ್ಲು. ನೀನೂ ಗಂಟು ಕಟ್ಕೊಂಡು ಹೋದ್ರೆ ನಾನು ಯಾರನ್ನ ಅಪ್ಪಾ ಅಂತ ಕೂಗ್ಲಿ?’

ಅಷ್ಟು ಹೇಳಿ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿದಳು. ಅವಳಮ್ಮನೂ ಹೀಗೇ ಮಾಡುತ್ತಿದ್ದಳಲ್ಲ, ಅಳುವುದು ಕೇಳಿಸಬಾರದೆಂದು. ನಾನು ಬಾಗಿಲ ಹೊರಗೆ ನಿಂತು ‘ಪಾಸಾಗ್ತೀನಿ ಕಣೇ’ ಅಂದೆ. ಮಾತು ಕೊಟ್ಟ ಮೇಲೆ ಮುಗಿಯಿತು.

ಎರಡನೆಯ ಪರೀಕ್ಷೆ ಹತ್ತಿರ ಬಂದಂತೆ ಬೇಕರಿಯವನ ಉತ್ಸಾಹ ನೋಡಬೇಕಿತ್ತು ನೀನು. ಅವನ ಹೆಂಡತಿ ಬಂದ ಮೇಲೆ ನಾನೂ ನನ್ನ ಹೆಂಡತಿಯೂ ಅವನ ಮನೆಗೆ ಹೋಗಬೇಕು. ನನ್ನ ಹೆಂಡತಿ ಅವನ ಹೆಂಡತಿಗೆ ಅಂಗಡಿ ಬೀದಿ ತೋರಿಸಬೇಕು, ಒಂಟಿ ಅನಿಸದ ಹಾಗೆ ನೋಡಿಕೊಳ್ಳಬೇಕು. ‘ಬರ್ತೀವಿ’ ಅಂದೆ. ಬೇರೇನು ಹೇಳಲಿ?

ಮೊನ್ನೆ ಪರೀಕ್ಷೆ ಆಯಿತು. ಇಬ್ಬರೂ ಪಾಸು. ನನ್ನ ಪರವಾನಗಿ ಮುಂದುವರಿಯುತ್ತದೆ, ಅವನ ಹೆಂಡತಿ ಬರುತ್ತಾಳೆ. ಮಗಳು ನನ್ನ ಕೆನ್ನೆ ಹಿಂಡಿ ‘ನೋಡು, ಮನಸ್ಸು ಮಾಡಿದ್ರೆ ಆಗತ್ತೆ’ ಅಂದಳು, ನಾನು ಅವಳಿಗೆ ಹೇಳುತ್ತಿದ್ದ ದನಿಯಲ್ಲೇ. ಅಷ್ಟಾಯಿತು ಸಮಾಚಾರ. ನಿನ್ನ ಕಣ್ಣಿನ ಪೊರೆಯ ಆಪರೇಷನ್ ಮುಂದೆ ಹಾಕಬೇಡ. ಬಸ್ ಓಡಿಸುವಾಗಲೇ ನಿನಗೆ ಎದುರಿನ ಎಮ್ಮೆ ಕಾಣುತ್ತಿರಲಿಲ್ಲ. ನಿನ್ನ ಮನೆಯವರಿಗೆ ನಮಸ್ಕಾರ. ಮೊಮ್ಮಕ್ಕಳು ಚೆನ್ನಾಗಿ ಬಾಳಲಿ, ನಿನ್ನ ಮುಂಗೋಪವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅವರಿಗೆ ಬರಲಿ.

ನಿನ್ನ ಪ್ರೀತಿಯ,
ಕಂಡಕ್ಟರ್

ತಾ.ಕ.: ಮಡಚಿದ್ದನ್ನು ಮತ್ತೆ ಬಿಡಿಸಿದೆ. ಏನು ಕೇಳಿದರು, ಏನು ಹೇಳಿದೆ ಎಂದು ನೀನು ಕೇಳಿದ್ದೆ. ಅದನ್ನೇ ಬಿಟ್ಟು ಊರೆಲ್ಲ ಸುತ್ತಿದೆ.

ಮಾತಿನ ಪರೀಕ್ಷೆಗೆ ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿದರು. ಪರೀಕ್ಷೆ ಮಾಡುವವರು ಬೇರೆ ಹೆಂಗಸು, ಹೊಸಬರು. ವಿಷಯ, ‘ಸ್ನೇಹಿತನನ್ನು ಮನೆಗೆ ಕರೆಯಿರಿ.’ ಬೇಕರಿಯವನಿಗೆ ಹಬ್ಬ! ‘ನೀನು ಬಾ, ನಿನ್ನ ಹೆಂಡತಿ ಬರಲಿ. ನನ್ನ ಮನೇಲಿ ಈಗ ನಾಲ್ಕು ಕುರ್ಚಿ ಇದೆ. ಎರಡು ಹೊಸದು’ ಅಂದ. ಆ ಹೆಂಗಸು ನನ್ನ ಕಡೆ ತಿರುಗಿ, ‘ಈಗ ಭೂತಕಾಲದಲ್ಲಿ ಉತ್ತರಿಸಿ. ಹೋದ ವಾರ ಇವರು ಕರೆದಿದ್ದರು, ನಿಮ್ಮ ಹೆಂಡತಿ ಯಾಕೆ ಬರಲಿಲ್ಲ?’ ಅಂದರು.

‘ಕೆಲಸ ಇತ್ತು’ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಮನುಷ್ಯ ಕುರ್ಚಿ ಕೊಂಡು ತಂದಿದ್ದಾನೆ ಭಾವ. ನಮ್ಮಲ್ಲಿ ಹೇಳುವ ಹಾಗೇ ಹೇಳಿದೆ, ‘ನನ್ನ ಹೆಂಡತಿ ಹೋದಳು.’

‘ಎಲ್ಲಿಗೆ ಹೋದರು? ಯಾವಾಗ ವಾಪಸ್ ಬಂದರು?’

ಎಲ್ಲಿಗೆ? ಜೀವಮಾನವಿಡೀ ನಾನು ಜನರನ್ನು ಕೇಳಿದ ಪ್ರಶ್ನೆ. ಕಾಲೇಜಿನ ಇಂಗ್ಲಿಷಿನಲ್ಲಿ ‘ಎಕ್ಸ್‌ಪೈರ್ಡ್’ ಅಂದೆ. ಆಕೆ ಹುಬ್ಬು ಗಂಟು ಹಾಕಿ, ‘ಅವರ ಪರವಾನಗಿ ಮುಗಿಯಿತೇ?’ ಅಂದರು.

ಆಗ ಪುಸ್ತಕದ ಶಬ್ದ ಹೇಳಿದೆ. ಈ ಭಾಷೆಯಲ್ಲಿ ನೊಣಕ್ಕೂ ರಾಜನಿಗೂ ಒಂದೇ ಶಬ್ದ. ಕರ್ತೃ, ಕಾಲ, ಕ್ರಿಯಾಪದ, ಎಲ್ಲ ಸರಿಯಾಗಿತ್ತು. ‘ಬಹಳ ಚೆನ್ನಾಗಿ ಹೇಳಿದಿರಿ’ ಎಂದು ಆಕೆ ಗುರುತು ಹಾಕಿಕೊಂಡರು.

ಬೇಕರಿಯವನು ನನ್ನ ಮೊಣಕೈ ಹಿಡಿದು ತನ್ನ ಭಾಷೆಯಲ್ಲಿ ಏನೋ ಅಂದ. ‘ದಯವಿಟ್ಟು ಇಲ್ಲಿನ ಭಾಷೆಯಲ್ಲಿ’ ಅಂದರು ಆಕೆ. ಅವನು ತಡಕಾಡಿ, ‘ನಿನ್ನ ಹೆಂಡತಿ ಒಳ್ಳೆಯವಳು’ ಅಂದ. ‘ಒಳ್ಳೆಯವಳಾಗಿದ್ದಳು’ ಎಂದು ಆಕೆ ತಿದ್ದಿದರು. ಅವನು ತಲೆಯಾಡಿಸಿದ. ‘ಇಲ್ಲ. ಒಳ್ಳೆಯವಳು.’ ಮತ್ತೆ ತಿದ್ದಿದರು, ಮತ್ತೆ ಅದೇ ಅಂದ. ಅವನ ಹೆಂಡತಿಯ ಬರವು ಆ ಅಂಕದ ಮೇಲೆ ನಿಂತಿತ್ತು ಭಾವ. ಕೂದಲೆಳೆಯಲ್ಲಿ ಪಾಸಾದ.

ಊರಿನಲ್ಲಿ ಅವತ್ತು ಆಸ್ಪತ್ರೆಯ ಮೆಟ್ಟಿಲ ಹತ್ತಿರ ನೀನು ಬಂದಾಗ ನಾನು ಏನೂ ಹೇಳಲಿಲ್ಲ, ನೀನೂ ಕೇಳಲಿಲ್ಲ. ‘ಬಾ, ಚಹಾ ಕುಡಿಯೋಣ’ ಅಂದೆ ನೀನು. ಎಲ್ಲರಿಗೂ ಹೇಳಿದ್ದು ಮಗಳು. ನನ್ನ ಬಾಯಿಂದ ಆ ಮಾತು ಮೊದಲು ಕೇಳಿದ್ದು ಹೆಸರೂ ಗೊತ್ತಿಲ್ಲದ ಒಬ್ಬ ಹೆಂಗಸು, ಅದಕ್ಕೆ ಅಂಕವನ್ನೂ ಕೊಟ್ಟಳು. ನಮ್ಮ ಮಾತಿನಲ್ಲಿ ಆ ಶಬ್ದವನ್ನು ಇನ್ನೂ ಯಾರಿಗೂ ಹೇಳಿಲ್ಲ. ನಿನಗಾದರೂ ಹೇಳಬೇಕು, ನೀನು ಅವಳ ಅಣ್ಣ, ಎಂದು ಇವತ್ತು ಕಾಗದ ಹಿಡಿದು ಕೂತದ್ದು.

ಭಾವ, ನಿನ್ನ ತಂಗಿ

ಬೆಳಕು ಹೋಗುತ್ತಿದೆ. ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ದೀಪದ ಸ್ವಿಚ್ಚು ಕೈಗೆಟುಕುವಷ್ಟರಲ್ಲೇ ಇದೆ. ಇರಲಿ.