ಮಂಜು ತೆಗೆದ ಮಷೀನು

ಚಿದ್ರಿ, ಬೀದರ
೯ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಅಣ್ಣಾ,

ತಂಗಿ ಐಶ್ವರ್ಯಾಳ ಶರಣು. ನೀನು, ಭಕ್ತಿ ವೈನಿ, ಸಾನಿಕಾ ಮೂವರೂ ಅರಾಮ ಇದ್ದೀರಿ ಎಂದುಕೊಂಡಿದ್ದೇನೆ. ಸಾನಿಕಾಳ ಕೆಮ್ಮು ಹೋಯಿತೇ? ಅಜವಾನ ಹುರಿದು ಬಟ್ಟೆಯಲ್ಲಿ ಕಟ್ಟಿ ಎದೆಗೆ ಶಾಖ ಕೊಡಲು ವೈನಿಗೆ ಹೇಳಬೇಕಂತೆ, ಅವ್ವ ಎರಡು ಸಲ ನೆನಪಿಸಿ ಬರೆಸಿದ್ದಾಳೆ. ದೀಪಾವಳಿಗೆ ಭಾಲ್ಕಿಯಿಂದ ಬಂದ ಅವ್ವ ಇನ್ನೂ ನಮ್ಮಲ್ಲೇ ಇದ್ದಾಳೆ. ಅವಳ ಸಕ್ಕರೆ ಹತೋಟಿಯಲ್ಲಿದೆ, ಬಾಯಿ ಮಾತ್ರ ಇಲ್ಲ. ಇವರು ತಂದಿಟ್ಟ ಬಾಲೂಶಾಹಿಯನ್ನು ತಾನೇ ಮುಗಿಸಿ ಇರುವೆಗಳ ಮೇಲೆ ಹಾಕಿದಳು. ನಾನೂ ಚೆನ್ನಾಗಿದ್ದೇನೆ, ಶಾಲೆಯ ಪೇಪರ್ ತಿದ್ದುವ ಕೆಲಸ ನಿನ್ನೆಗೆ ಮುಗಿಯಿತು. ಇಷ್ಟಕ್ಕೆ ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ಮಾಡಿದರೆ ನೀನು "ಸೈಟ್ ಮ್ಯಾಲೆ ಇದ್ದೇನಿ, ಆಮ್ಯಾಲೆ ಮಾಡ್ತೇನಿ" ಎಂದು ಇಟ್ಟುಬಿಡುತ್ತೀ. ಹೈದರಾಬಾದಿನಿಂದ ಮನೆಯ ಪೇಪರ್ ಕಳಿಸುವಾಗ ನಿನ್ನ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಜೊತೆಗಿಟ್ಟಿದ್ದೆಯಲ್ಲ, ಅದು ವ್ಯರ್ಥವಾಗುವುದು ಬೇಡ ಎಂದು ಬರೆಯುತ್ತಿದ್ದೇನೆ.

ಮೊದಲು ನೀನು ಕಳಿಸಿದ ಹೊಸ ಗೇಮ್ ಮಷೀನಿನ ವಿಷಯ. ದಸರೆಯ ಹಿಂದಿನ ದಿನ ಕೊರಿಯರ್‌ನವನು ತಂದುಕೊಟ್ಟಾಗ ಇವರು ಮಿಕ್ಸರ್ ಇರಬೇಕೆಂದರು. ಡಬ್ಬಿ ಬಿಚ್ಚಿ ನೋಡಿ ನಾನು ಅತ್ತೆಯವರು ಎದುರಿಗಿದ್ದಾರೆ ಎನ್ನುವುದನ್ನೂ ಮರೆತು ಕುಣಿದೆ. ಮದುವೆಯಾದ ಮೇಲೆ ನನಗೆ ಸೀರೆ, ಪಾತ್ರೆ ಬಿಟ್ಟು ಬೇರೆ ಏನನ್ನೂ ಯಾರೂ ಕೊಟ್ಟಿರಲಿಲ್ಲ. ನಾವಿಬ್ಬರೂ ಹಳೇ ಮಷೀನಿನ ಆಟದಲ್ಲಿ ಕಟ್ಟಿದ ಊರಿನ ಬಗ್ಗೆ ಆ ಸಂಜೆ ನೀನು ಫೋನಿನಲ್ಲಿ ಅಂದದ್ದು ಇನ್ನೂ ಕಿವಿಯಲ್ಲಿದೆ: "ನಮ್ಮ ಹಳೇ ಊರು ಇದ್ರಾಗ ಹಾಕ್ಕೋ ಐಶು. ನನ್ನ ಹಿಸ್ಸಾನೂ ನಿನಗ ಬಿಟ್ಟೇನಿ, ಇಡೀ ಊರು ನಿಂದ." ಎಂಟು ದಿನಕ್ಕೆ ಲಕೋಟೆ ಬಂತು. ಭಾಲ್ಕಿಯ ಮನೆಯಲ್ಲಿ ಅವ್ವನಿಗೂ ನನಗೂ ಇರುವ ಹಕ್ಕನ್ನು ನಿನಗೆ ಬಿಟ್ಟುಕೊಡುವ ಪತ್ರ. ಸಹಿ ಬೀಳಬೇಕಾದ ಕಡೆಯೆಲ್ಲ ಪೆನ್ಸಿಲ್ ಗುರುತು, ಮೇಲೆ ಅವ್ವ, ಕೆಳಗೆ ನಾನು. ಮನೆ ಹಳೆಯದಾಗಿದೆ, ರಿಪೇರಿಗೆ ಸಾಲ ಕೊಡಲು ಬ್ಯಾಂಕಿನವರು ಒಬ್ಬರದೇ ಹೆಸರು ಕೇಳುತ್ತಾರೆ, ಸಹಿ ಮಾಡಿ ಒಂದು ದಿನ ಇಬ್ಬರೂ ಭಾಲ್ಕಿಯ ನೋಂದಣಿ ಕಚೇರಿಗೆ ಬಂದರೆ ಸಾಕು ಎಂದು ಬರೆದಿದ್ದೆ. ಆಟದ ಊರು ನನಗೆ, ಖರೇ ಮನೆ ನಿನಗೆ. ಆಗ ಇದು ನನ್ನ ತಲೆಗೆ ಹೊಳೆಯಲೇ ಇಲ್ಲ ನೋಡು. ರಿಪೇರಿ ಎಂದರೆ ರಿಪೇರಿಯೇ ಎಂದು ನಂಬಿ ನಾನು ಪೆನ್ನು ಹುಡುಕುತ್ತಿದ್ದೆ.

ಹಳೇ ಮಷೀನು ನಮ್ಮ ಮನೆಗೆ ಹೇಗೆ ಬಂತು ಎಂದು ನಿನಗೆ ನೆನಪಿದೆಯೋ ಇಲ್ಲವೋ. ನೀನು ಡಿಪ್ಲೊಮಾ ಸೇರಿದ ವರ್ಷ ಅಪ್ಪ ತನ್ನ ವಾರದ ರಜೆಯ ದಿನ ಬೀದರಕ್ಕೆ ಹೋಗಿ ಮಕ್ಬೂಲ ಭಾಯಿಯ ರಿಪೇರಿ ಅಂಗಡಿಯಿಂದ ಸೆಕೆಂಡ್ ಹ್ಯಾಂಡ್ ತಂದಿದ್ದ. ಭಾಲ್ಕಿ–ಔರಾದ ಬಸ್ಸಿನಲ್ಲಿ ದಿನವಿಡೀ ನಿಂತು ಟಿಕೆಟ್ ಹರಿದ ಕಂಡಕ್ಟರ್, ಮನೆಗೆ ಬಂದು ನಾವಿಬ್ಬರೂ ಚೌಕ ಚೌಕ ಕಲ್ಲು ಕೂಡಿಸಿ ಊರು ಕಟ್ಟುವುದನ್ನು ನೋಡುತ್ತ ಅಲ್ಲೇ ನಿದ್ದೆ ಹೋಗುತ್ತಿದ್ದ. ಟಿವಿಯ ಪರದೆ ನಡುವೆ ಸೀಳಿ ಮೇಲಿನ ಅರ್ಧ ನಿನಗೆ, ಕೆಳಗಿನ ಅರ್ಧ ನನಗೆ. ನಿನ್ನ ರಸ್ತೆಯ ಮೇಲೆ ನಾನು ದನದ ಕೊಟ್ಟಿಗೆ ಕಟ್ಟಿದೆನೆಂದು ನೀನು ನನ್ನ ಜಡೆ ಹಿಡಿದು ಎಳೆದ ದಿನ ಅಪ್ಪನೇ ನಡುವೆ ಬಂದು ಪಂಚಾಯ್ತಿ ಮಾಡಿದ. ನಮ್ಮ ಕಡೆ ಹೊಲ ಹಿಸ್ಸಾ ಆಗುವ ಹಾಗೆಯೇ ಮಾಡಿಸಿದ. "ಅಮಿತ, ನೀ ದೊಡ್ಡಾವ, ನೀ ಗೆರಿ ಹೊಡಿ. ಐಶು ಸಣ್ಣಾಕಿ, ಆಕಿ ಮೊದ್ಲ ಆರಿಸ್ಕೋತಾಳ." ಹಿಸ್ಸಾ ಮಾಡುವವನಿಗೆ ಆರಿಸುವ ಹಕ್ಕಿಲ್ಲದಿದ್ದರೆ ಗೆರೆ ಸರಿಯಾಗಿ ಬೀಳುತ್ತದೆ ಎನ್ನುವುದು ಅಪ್ಪನ ನಂಬಿಕೆ. ನೀನು ಹೊಳೆಗುಂಟ ಗೆರೆ ಹೊಡೆದೆ, ನಾನು ಗುಡ್ಡದ ಕಡೆ ಆರಿಸಿಕೊಂಡೆ. ಕರೆಯದೆ ಒಬ್ಬರ ಹಿಸ್ಸೆಗೆ ಇನ್ನೊಬ್ಬರು ಕಾಲಿಡಬಾರದು ಎಂದೂ ಅಪ್ಪ ಹೇಳಿದ. ಅಣ್ಣಾ, ನಾನು ಒಂಬತ್ತು ವರ್ಷ ಆ ಹೊಳೆ ದಾಟಲಿಲ್ಲ. ನೀನು ಹೈದರಾಬಾದಿಗೆ ಹೋದ ಮೇಲೂ ದಾಟಲಿಲ್ಲ.

ದಾಟದಿದ್ದರೂ ನೋಡಬಹುದಿತ್ತಲ್ಲ ಎಂದರೆ ಆ ಮಷೀನಿನಲ್ಲಿ ಅದಕ್ಕೆ ದಾರಿಯೇ ಇರಲಿಲ್ಲ. ಗುಡ್ಡದ ತುದಿಗೆ ನಿಂತರೆ ನಾಲ್ಕು ಹೊಲದಾಚೆ ಬೆಳ್ಳನೆ ಮಂಜು ಕವಿದಿರುತ್ತಿತ್ತು. ನಾವು ಹತ್ತಿರ ಹೋದ ಹಾಗೆ ಗಿಡ, ಗೋಡೆ ಒಂದೊಂದಾಗಿ ಹುಟ್ಟಿಕೊಳ್ಳುತ್ತಿದ್ದವು, ಹಿಂದೆ ಬಿಟ್ಟದ್ದು ಮಾಯವಾಗುತ್ತಿತ್ತು. ಊರಿಗೆ ನಾಲ್ಕೂ ಕಡೆ ಅಂಚು. ಇಷ್ಟೇ ಕುರಿ, ಇಷ್ಟೇ ದನ, ಅದರ ಮೇಲೆ ಒಂದು ಕೋಳಿ ಸಾಕಲೂ ಬಿಡುತ್ತಿರಲಿಲ್ಲ. ಇಬ್ಬರೂ ಒಟ್ಟಿಗೆ ಓಡಿದರೆ ಫ್ಯಾನು ಕೂಗಿ ಚಿತ್ರ ನಿಂತೇಬಿಡುತ್ತಿತ್ತು. ಕರೆಂಟ್ ಹೋದಾಗಲೆಲ್ಲ ನಾವು ಮಾತಾಡುತ್ತಿದ್ದದ್ದು ಅದನ್ನೇ, ಮುಂದಿನ ಮಷೀನು ಬಂದರೆ ಏನೇನು ಬದಲಾಗಬಹುದು ಎಂದು. ಕಿಟಕಿಯ ಜಾಳಿಗೆಯ ನೆರಳು ನೆಲದ ಮೇಲೆ ಬೀಳಬೇಕು, ಹೊಳೆಯ ನೀರಿನಲ್ಲಿ ಮುಖ ಕಾಣಬೇಕು ಎಂದು ನನ್ನ ಆಸೆ. ನಿನ್ನದು ಒಂದೇ ಹಠ. "ಮಂಜು ತೆಗೀಬೇಕ ಐಶು. ಒಂದ ಕಡೆ ನಿಂತ್ರ ಇಡೀ ಊರು ಕಾಣ್ಬೇಕ." ಕೊನೆಗೆ ಆ ಮಷೀನು ತಂದುಕೊಟ್ಟವನೂ ನೀನೇ ಆದೆ.

ಹೋದ ಶನಿವಾರ, ಅವ್ವನ ಕೈಯಲ್ಲಿ ಭಾಲ್ಕಿಯಿಂದ ತರಿಸಿಕೊಂಡ ಹಳೇದೂ ಸೇರಿ ಎರಡೂ ಮಷೀನು ಚೀಲಕ್ಕೆ ಹಾಕಿಕೊಂಡು ಮಕ್ಬೂಲ ಭಾಯಿಯ ಹತ್ತಿರ ಒಯ್ದೆ. ಹಳೆಯದರಲ್ಲಿನ ಊರನ್ನು ಹೊಸದಕ್ಕೆ ಸಾಗಿಸಲು ಅವರಿಗೆ ಅರ್ಧ ದಿನ ಹಿಡಿಯಿತು. "ಬೇಟಾ, ಒಂದ್ಸಲ ಹೊಸಾದಕ್ಕ ಬಂತಂದ್ರ ವಾಪಸ್ ಹಳೇದಕ್ಕ ಹೋಗಂಗಿಲ್ಲ, ನೋಡ್ಕೋ" ಎಂದು ಎರಡೆರಡು ಸಲ ಕೇಳಿದರು. ಹ್ಞೂಂ ಅಂದೆ. ಮನೆಗೆ ಬಂದು ಹಚ್ಚಿದರೆ ಇಡೀ ಟಿವಿ ನನಗೊಬ್ಬಳಿಗೇ, ಪಕ್ಕದಲ್ಲಿ ನೀನಿಲ್ಲ. ಅದೊಂದು ಬಿಟ್ಟರೆ ನಾವು ಬಯಸಿದ್ದೆಲ್ಲ ಇತ್ತು. ಜಾಳಿಗೆಯ ನೆರಳು ಬಿದ್ದಿತ್ತು. ಹೊಳೆಯಲ್ಲಿ ನನ್ನ ದನಗಳು ತಲೆಕೆಳಗಾಗಿ ಕಾಣುತ್ತಿದ್ದವು. ಹಳೇ ಅಂಚಿನಾಚೆ ಹೊಸ ನೆಲ ತಾನಾಗಿ ಬೆಳೆದು ಮುಗಿಯದಷ್ಟಾಗಿತ್ತು. ಇಷ್ಟೊಂದು ಜಾಗ ಇದ್ದಿದ್ದರೆ ಹಿಸ್ಸಾ ಮಾಡಿಕೊಳ್ಳುವ ಅಗತ್ಯವೇ ಇರಲಿಲ್ಲವಲ್ಲ ಎಂದು ನಗು ಬಂತು. ಆಮೇಲೆ ಗುಡ್ಡ ಏರಿ ನಿನ್ನ ಕಡೆ ತಿರುಗಿದೆ. ಮಂಜಿರಲಿಲ್ಲ. ಹೊಳೆಯಾಚೆ, ನಿನ್ನ ಹಿಸ್ಸೆಯ ತೀರಾ ಕೊನೆಯಲ್ಲಿ, ನಮ್ಮ ಭಾಲ್ಕಿಯ ಓಣಿ ನಿಂತಿತ್ತು. ಎದುರಿನ ಬೇವಿನ ಮರ, ಮೂಲೆಯ ಕೈಪಂಪು, ನಮ್ಮ ಮನೆಯ ಎಡಬಲದ ಗೋಡೆಗಳು ಎಲ್ಲವೂ ಇದ್ದವು. ನಮ್ಮ ಮನೆ ಇರಲಿಲ್ಲ. ಆ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಇತ್ತು.

ಊರೆಲ್ಲ ನನಗೇ ಬಿಟ್ಟಿದ್ದೀಯಲ್ಲ, ಅದಕ್ಕೆ ಮೊದಲ ಸಲ ಹೊಳೆ ದಾಟಿದೆ. ಕೆಲಸ ಚೆನ್ನಾಗಿ ಮಾಡಿದ್ದೀ, ಸುಳ್ಳು ಹೇಳುವುದಿಲ್ಲ. ಕೆಳಗೆ ರಸ್ತೆಗೆ ಮೂರು ಶಟರ್, ಬಾಡಿಗೆಗೆ ಎಂದು ಬೋರ್ಡು. ಮೇಲಿನ ಬಾಗಿಲುಗಳಿಗೆಲ್ಲ ನೀನು ಕಟ್ಟಡದ ಸೈಟಿನಲ್ಲಿ ಬರೆಯುವ ಹಾಗೆ ಇಂಗ್ಲಿಷಿನಲ್ಲಿ ಚೀಟಿ: ಹಾಲ್ ಹದಿನಾಲ್ಕು ಬೈ ಹದಿನೆಂಟು, ಅಮಿತ–ಭಕ್ತಿ, ಸಾನಿಕಾ, ಪೂಜಾ ಖೋಲಿ, ಗೆಸ್ಟ್ ರೂಮು, ಸ್ಟೋರು. ನನಗೊಂದು ಖೋಲಿ ಇರಲಿ ಎಂದು ನಾನು ಹುಡುಕಲಿಲ್ಲ. ತವರಿಗೆ ಬಂದರೆ ನಾನು ಅವ್ವನ ಪಕ್ಕ ಮಲಗುವವಳು. ನನ್ನ ಕಣ್ಣಿಗೆ ಚುಚ್ಚಿದ್ದು ಬೇರೆ. ಕಾಂಕ್ರೀಟಿನ ಕಂಬ, ಕಾಲಮ್ಮು ಹಾಕಿದ ದಿನ ಅದರ ಮೇಲೆ ತಾರೀಖು ಬರೆಯುವುದು, ಎಷ್ಟು ದಿನ ನೀರು ಹಾಕಬೇಕೆಂದು ಮರೆಯದಿರಲು, ನಿನ್ನ ಸೈಟಿನ ರೂಢಿ. ಆಟದ ಕಾಲಮ್ಮಿಗೆ ಯಾರು ನೀರು ಹಾಕುತ್ತಾರೆ ಹುಚ್ಚಾ? ಆದರೂ ಕೈ ಬಿಟ್ಟಿಲ್ಲ. ಮೊದಲ ಸ್ಲ್ಯಾಬಿನ ಕೆಳಗೆ ಬರೆದಿದ್ದೀ: ೧೨-೮-೨೦೨೩.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಅಪ್ಪನಿಗೆ ಲಕ್ವಾ ಹೊಡೆದು ತಿಂಗಳಾಗಿತ್ತು. ವೈನಿಯನ್ನು ಎಕಂಬಾಕ್ಕೆ ತವರಿಗೆ ಬಿಟ್ಟು ನೀನು ಎರಡು ದಿನ ಭಾಲ್ಕಿಯಲ್ಲಿ ಉಳಿದಿದ್ದೆ. ಇಡೀ ದಿನ ಒಳಗಿನ ಖೋಲಿಯಲ್ಲಿ ಮಷೀನು ಹಚ್ಚಿಕೊಂಡು ಕೂತಿದ್ದೆ, ಮತ್ತು ಅವ್ವ "ಪಾಪ, ಟೆನ್ಶನ್ ಆಗೇದ ಅವಗ, ಆಡ್ಲಿ ಬಿಡು" ಎಂದು ನನ್ನನ್ನು ತಡೆದಳು. ಪಡಸಾಲೆಯಲ್ಲಿ ಅವ್ವ ಅಪ್ಪನಿಗೆ ಚಮಚೆಯಿಂದ ಗಂಜಿ ಕುಡಿಸುತ್ತಿದ್ದಳು, ಒಳಗೆ ನೀನು ಅದೇ ಪಡಸಾಲೆ ಕೆಡವಿ ಶಟರ್ ಕೂಡಿಸುತ್ತಿದ್ದೆ. ಅಪ್ಪ ಅದಾದ ಮೇಲೆ ಆರು ತಿಂಗಳು ಬದುಕಿದ. ಬದುಕಿದ್ದ ಮನುಷ್ಯನಿಗೆ ನಿನ್ನ ಮೂರಂತಸ್ತಿನಲ್ಲಿ ಒಂದು ಖಾಟು ಹಾಕುವ ಜಾಗ ಇರಲಿಲ್ಲ. ನನಗೆ ಸಿಟ್ಟು ಬಂದಿದೆ ಅಣ್ಣಾ, ನಾಚಿಕೆಯೂ ಆಗಿದೆ, ನಿನ್ನ ಪರವಾಗಿ. ಹಿಸ್ಸಾ ಮಾಡುವವನು ಬೇರೆ, ಆರಿಸುವವರು ಬೇರೆ ಎಂದು ಅಪ್ಪ ಕಲಿಸಿದ್ದ. ಈ ಸಲ ಗೆರೆ ಹೊಡೆದವನೂ ನೀನೇ, ಆರಿಸಿಕೊಂಡವನೂ ನೀನೇ, ನಮಗೆ ಉಳಿದದ್ದು ಪೆನ್ಸಿಲ್ ಗುರುತು.

ಮನೆ ಕೆಡವಬೇಕು, ಶಟರ್ ಹಾಕಬೇಕು ಎಂದು ನೇರವಾಗಿ ಕೇಳಿದ್ದರೆ ನಾನು ಜಗಳಾಡುತ್ತಿದ್ದೆ, ಅತ್ತು ಕರೆದು ಆಮೇಲೆ ಒಪ್ಪುತ್ತಿದ್ದೆ. ಅದು ನಿನಗೂ ಗೊತ್ತು. ಆದರೂ ರಿಪೇರಿ ಎಂದೆ, ಮೊದಲು ಆಟಿಕೆ ಕಳಿಸಿದೆ, ಆಮೇಲೆ ಪೇಪರ್. ಕೇಸು ಗೀಸು ಎಂದು ಕಚೇರಿ ಅಲೆಯುವ ತಂಗಿ ನಾನಲ್ಲ. ನನ್ನ ಸಹಿ ಮಾಡಿಯೇ ಇಟ್ಟಿದ್ದೇನೆ, ಹತ್ತೂ ಪುಟಕ್ಕೆ. ಪೇಪರ್ ಈ ಕಾಗದದ ಜೊತೆಗೇ ಬರುತ್ತದೆ, ಮನೆ ನಿನಗೇ ಹೋಗಲಿ, ಆದರೆ ಇನ್ನು ನನ್ನನ್ನು ಐಶು ಎಂದು ಕರೆಯಬೇಡ. ಒಂದೇ ಮಾತು, ಅವ್ವನ ಸಹಿ ಪಡೆಯಲು ನೀನೇ ಬಾ. ಆ ತಾರೀಖಿನ ವಿಷಯ ನಾನು ಅವಳಿಗೆ ಹೇಳಿಲ್ಲ, ಕಟ್ಟಡವನ್ನೂ ತೋರಿಸಿಲ್ಲ. ಗಂಡನನ್ನು ಕಳೆದುಕೊಂಡ ಮೇಲೆ ಅವಳಿಗೆ ಉಳಿದಿರುವುದು ಮಗನ ಮೇಲಿನ ಅಭಿಮಾನ ಒಂದೇ, ಅದನ್ನು ನಾನು ಯಾಕೆ ಕಿತ್ತುಕೊಳ್ಳಲಿ?

ಭಕ್ತಿ ವೈನಿಗೆ ನನ್ನ ನಮಸ್ಕಾರ, ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಸಾನಿಕಾಗೆ ಅವಳ ಅತ್ತಿಯ ಮುದ್ದು. ಗುರು ಬಸವಣ್ಣ ನಿನಗೆ ಒಳ್ಳೆಯ ಬುದ್ಧಿ, ಒಳ್ಳೆಯ ಆರೋಗ್ಯ ಎರಡನ್ನೂ ಕೊಡಲಿ.

ನಿನ್ನ ತಂಗಿ,
ಐಶ್ವರ್ಯಾ

ತಾ.ಕ.: ಸೋಮವಾರ ಬೆಳಿಗ್ಗೆ ಅವಸರದಲ್ಲಿ ಬರೆಯುತ್ತಿದ್ದೇನೆ, ಶಾಲೆಗೆ ಹೊತ್ತಾಯಿತು. ನಿನ್ನೆ ಸಂಜೆ ಅವ್ವ "ಅಮಿತ ಕಳಿಸಿದ್ದು ನನಗೂ ಒಂದೀಟು ತೋರ್ಸು" ಎಂದು ಟಿವಿ ಮುಂದೆ ಕೂತಳು. ನಾನು ಗುಡ್ಡ, ದನ ತೋರಿಸಿ ಮುಗಿಸಬೇಕೆಂದಿದ್ದೆ. ಆದರೆ ಆ ಮಷೀನಿನಲ್ಲಿ ಏನೂ ಮರೆಯಾಗುವುದಿಲ್ಲವಲ್ಲ, ಅವಳೇ ಬೇವಿನ ಮರ ಗುರುತು ಹಿಡಿದಳು. ಅಮಿತ ನಿನಗಾಗಿ ಕಟ್ಟಿದ ಹೊಸ ಮನೆ ಎಂದು ಅವಳಿಗೆ ಸುಳ್ಳು ಹೇಳಿದೆ. ಚೀಟಿಗಳ ಇಂಗ್ಲಿಷು ಅವಳಿಗೆ ಬರುವುದಿಲ್ಲ, ತಾರೀಖು ಅವಳು ನೋಡಲಿಲ್ಲ. ಖುಷಿಯಿಂದ ಒಂದೊಂದೇ ಬಾಗಿಲು ತೆರೆಸಿ ನೋಡಿದಳು, ಮತ್ತೆ ಕೆಳಗೆ ಬಾ ಎಂದಳು, ಮತ್ತೆ ಮೇಲೆ. ಆಮೇಲೆ ಕೇಳಿದಳು: "ಕೆಳಗ ಎಲ್ಲಾ ದುಕಾನೇ ಅವ. ಖೋಲಿ ಎಲ್ಲಾ ಮ್ಯಾಲೆ. ನಾ ಹ್ಯಾಂಗ ಏರ್ಲಿ?" ಮೊಳಕಾಲು ಹಿಡಿದುಕೊಂಡು ಎರಡು ವರ್ಷದಿಂದ ಅವ್ವ ನಾಲ್ಕು ಮೆಟ್ಟಿಲು ಹತ್ತಿಲ್ಲ, ನೀನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವ್ವ ಪೇಪರ್ ತರಿಸಿಕೊಂಡು, ನನ್ನ ಸಹಿ ಇದ್ದ ಹತ್ತೂ ಪುಟವನ್ನು ಮಡಚಿ ತನ್ನ ಗಾದಿಯ ಕೆಳಗೆ ಇಟ್ಟುಕೊಂಡಳು. ಅದಕ್ಕೇ ಈ ಲಕೋಟೆಯಲ್ಲಿ ಕಾಗದ ಮಾತ್ರ ಇದೆ, ಪೇಪರ್ ಇಲ್ಲ. ಅವಳು ಬರೆಸಿದ್ದನ್ನು ಹಾಗೇ ಬರೆದಿದ್ದೇನೆ: "ನಿನ್ನ ಮನಿ ಮೆಟ್ಲ ಏರಾಕ ಆಗದಾಕಿ, ರಿಜಿಸ್ಟ್ರಿ ಆಫೀಸಿನ ಮೆಟ್ಲನೂ ಏರಂಗಿಲ್ಲ ಅಂತ ಅವಗ ಬರಿ."