ಸಬಿತಾ ಕಲಿತ ಕನ್ನಡ

ತಂಗಿ ಪುಟ್ಟಗೌರಿಗೆ, ಹೆಗ್ಗನಹಳ್ಳಿಯಿಂದ ಅಕ್ಕ ಬರೆಯೋದು.

ಮೊಮ್ಮಗಳು ಲತಾ ಮನೇಲಿ ಚೆನ್ನಾಗಿದೀನಿ. ಅವಳ ಜೊತೆ ಗಾರ್ಮೆಂಟ್ಸಲ್ಲಿ ಹೊಲಿಯೋ ಒಡಿಶಾ ಹುಡುಗಿ ಸಬಿತಾ ಪಕ್ಕದ ರೂಮಲ್ಲಿದಾಳೆ. ಕನ್ನಡವೆಲ್ಲ ಸೂಪರ್‌ವೈಸರ್ ಬೈಗುಳ ಕೇಳಿ ಕಲಿತದ್ದು. ನನಗೆ ತಟ್ಟೆ ಇಟ್ಟು, ನಗ್ತಾ, "ಏಯ್, ಬೇಗ ತಿನ್ನು, ಮಾತು ಸಾಕು!" ಅಂತಾಳೆ. ನೀನು ಯಾವತ್ತಾದ್ರೂ ಅಷ್ಟು ಪ್ರೀತಿಯಿಂದ ಬಡಿಸಿದೀಯೇನೇ?

ಊರಲ್ಲಿ ಅವರಮ್ಮನಿಗೆ ಹುಷಾರು ತಪ್ಪಿತು. ರಜೆ ಕೇಳೋ ಮಾತು ಇವಳಿಗೆ ಗೊತ್ತಿಲ್ಲ. ಅದನ್ನ ಅಲ್ಲಿ ಯಾರು ಕಲಿಸ್ತಾರೆ? "ಸಾರ್, ಅಮ್ಮನ್ನ ನೋಡ್ಬೇಕು, ರಜೆ ಕೊಡಿ" ಅಂತ ನಾನೇ ಬಾಯಿಪಾಠ ಮಾಡಿಸ್ದೆ. ಗಾಬರೀಲಿ, "ಏಯ್ ಸಾರ್, ಬೇಗ ರಜೆ ಕೊಡು, ಮಾತು ಸಾಕು!" ಅಂದಳಂತೆ. ಮಿಷನ್ ನಿಲ್ಲಿಸಿ ಎಲ್ಲಾ ನಕ್ಕರಂತೆ. ಆ ಸೂಪರ್‌ವೈಸರೂ ನಕ್ಕು ರಜೆ ಕೊಟ್ಟನಂತೆ. ನಿನ್ನೆ ರೈಲು ಹತ್ತಿದ್ಲು.

ಮಂಡಿನೋವಿಗೆ ಹರಳೆಣ್ಣೆ ಕಳಿಸು. ಇವತ್ತು ಯಾರೂ ಗದರಲಿಲ್ಲ, ಊಟಾನೇ ಸೇರಲಿಲ್ಲ ಕಣೇ.

ನಿನ್ನಕ್ಕ